ತಪ್ಪುವುದಿದ್ದರೆ ಗೊಂಬೆಯ ಮೇಲೆ ತಪ್ಪಲಿ



ಒಂದು ಮಳೆಗಾಲದಲ್ಲಿ ಕೆರೆಕಟ್ಟೆ ಕಡೆಯ ಸ್ವಸಹಾಯ ಸಂಘದ ಸಭೆಯಲ್ಲಿ ಕೂತಿದ್ದೆವು. ಉಳಿತಾಯದ ಲೆಕ್ಕ ಮುಗಿದು ಸಾಲದ ಅರ್ಜಿಗಳ ಸರದಿ ಬಂತು. ಸದಸ್ಯೆಯೊಬ್ಬರು ಮಗಳ ಓದಿಗೆ ಸಾಲ ಕೇಳಿದ್ದರು. ಮಗಳು ಘಟ್ಟದ ಕೆಳಗೆ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಆದರೆ ಅರ್ಜಿ ಕೊಟ್ಟ ತಾಯಿಗೇ ಒಂದು ಅನುಮಾನ.

“ಎಂತ ಸಿಸ್ಟರ್, ನಮ್ಮ ಹುಡುಗಿ ಫೋನ್ ಮಾಡಿದಾಗೆಲ್ಲ ಇವತ್ತು ಗೊಂಬೆಗೆ ಇಂಜೆಕ್ಷನ್ ಕೊಟ್ಟೆ, ಗೊಂಬೆಗೆ ಹೆರಿಗೆ ಮಾಡಿಸಿದೆ ಅಂತಾಳೆ. ಗೊಂಬೆ ಆಟ ಆಡ್ಲಿಕ್ಕೆ ಇಷ್ಟು ಫೀಸು ಕಟ್ಬೇಕಾ?”

ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಹಿರಿಯ ಅಮ್ಮ ಒಬ್ಬರು ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರು ತಮ್ಮ ಕಥೆ ಹೇಳಿದರು. ಎಷ್ಟೋ ವರ್ಷದ ಹಿಂದಿನ ಆಷಾಢ. ರಾತ್ರಿ ನೋವು ಶುರುವಾಗಿ ಜೀಪಿನಲ್ಲಿ ಹೊರಟರು. ದಾರಿಗೆ ಅಡ್ಡಲಾಗಿ ಮರ ಬಿದ್ದಿತ್ತು. ಗಂಡಸರು ಮರ ಕಡಿಯುತ್ತಿರುವಾಗ ಜೀಪಿನಲ್ಲೇ ಹೆರಿಗೆ ಆಯ್ತು. ಮಗು ಅಳಲಿಲ್ಲ. ಜೊತೆಗಿದ್ದ ಇಬ್ಬರು ಹೆಂಗಸರು ಕಾಲು ಹಿಡಿದು ತಲೆಕೆಳಗು ಮಾಡಿದರು, ಬೆನ್ನಿಗೆ ಬಡಿದರು. ಆಮೇಲೆ ಸೀರೆಯಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟು ತಾಯಿಯನ್ನು ನೋಡಿಕೊಂಡರು.

“ಹುಟ್ಟುವಾಗ್ಲೇ ಹೋಗಿತ್ತು ಅಂದ್ರು ಸಿಸ್ಟರ್. ಆದ್ರೆ ನಾನು ಮುಟ್ಟಿ ನೋಡ್ದಾಗ ಮೈ ಬಿಸಿ ಇತ್ತು.”

ಅವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ. ಈ ಇಬ್ಬರು ತಾಯಂದಿರ ಪ್ರಶ್ನೆಗಳು ಬೇರೆ ಬೇರೆ ಅನ್ನಿಸಬಹುದು. ಆದರೆ ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಈ ಸಂಚಿಕೆಯ ಪಾಠ ಅದರ ಬಗ್ಗೆ.

ಮೊದಲ ಒಂದು ನಿಮಿಷ

ಹುಟ್ಟಿದ ಮಗು ಯಾಕೆ ಅಳಬೇಕು? ತಾಯಿಯ ಹೊಟ್ಟೆಯಲ್ಲಿ ಮಗುವಿಗೆ ಆಮ್ಲಜನಕ ಹೊಕ್ಕುಳ ಬಳ್ಳಿಯಿಂದ ಬರುತ್ತದೆ. ಶ್ವಾಸಕೋಶದಲ್ಲಿ ಆಗ ದ್ರವ ತುಂಬಿರುತ್ತದೆ. ಹೊರಗೆ ಬಂದ ಕೂಡಲೇ ಆ ದ್ರವ ಸರಿದು ಗಾಳಿ ಒಳಗೆ ಹೋಗಬೇಕು. ಮೊದಲ ಅಳು ಅಂದರೆ ಗಾಳಿ ಒಳಗೆ ಹೋಯಿತು ಎನ್ನುವ ಸುದ್ದಿ.

ಹತ್ತರಲ್ಲಿ ಒಂಬತ್ತು ಮಕ್ಕಳು ಯಾರ ಸಹಾಯವೂ ಇಲ್ಲದೆ ಇದನ್ನು ಮಾಡಿಕೊಳ್ಳುತ್ತವೆ. ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಸ್ವಲ್ಪ ಸಹಾಯ ಬೇಕು. ಅವುಗಳಲ್ಲಿ ಹೆಚ್ಚಿನವಕ್ಕೆ ಬೆಚ್ಚಗಿನ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಬೆನ್ನು ತಿಕ್ಕಿದರೆ ಸಾಕು. ಕೆಲವಕ್ಕೆ ಮಾತ್ರ ಮೂಗು ಬಾಯಿ ಮುಚ್ಚುವಂತೆ ಸಣ್ಣ ಮಾಸ್ಕ್ ಇಟ್ಟು, ಕೈಯಲ್ಲಿ ಹಿಂಡುವ ಬ್ಯಾಗಿನಿಂದ ಗಾಳಿ ಕೊಡಬೇಕಾಗುತ್ತದೆ. ಇದನ್ನೇ ನಮ್ಮ ಆಸ್ಪತ್ರೆಗಳಲ್ಲಿ ಅಂಬು ಬ್ಯಾಗ್ ಅಂತಾರೆ. ಡೆನ್ಮಾರ್ಕಿನಲ್ಲಿ 1956ರಲ್ಲಿ ಬಂದ ಸಾಧನ ಇದು. ಕರೆಂಟ್ ಬೇಡ, ಸಿಲಿಂಡರ್ ಬೇಡ. ಕೈ ಇದ್ದರೆ ಸಾಕು.

ಆದರೆ ಇದೆಲ್ಲ ಹುಟ್ಟಿದ ಒಂದು ನಿಮಿಷದೊಳಗೆ ಶುರುವಾಗಬೇಕು. ಅದಕ್ಕೇ ತರಬೇತಿಯಲ್ಲಿ ಇದನ್ನು ‘ಚಿನ್ನದ ನಿಮಿಷ’ ಅಂತ ಕಲಿಸುತ್ತಾರೆ. ಒಂದು ನಿಮಿಷದಲ್ಲಿ ಪುಸ್ತಕ ತೆಗೆದು ಓದುವುದಕ್ಕಾಗದು, ಫೋನ್ ಮಾಡಿ ಕೇಳುವುದಕ್ಕಾಗದು. ನಮ್ಮ ಘಟ್ಟದ ದಾರಿಯಲ್ಲಿ ಎಷ್ಟೋ ಕಡೆ ಸಿಗ್ನಲ್ಲೇ ಸಿಗುವುದಿಲ್ಲ. ಆ ನಿಮಿಷದಲ್ಲಿ ಕೈಗೆ ಮೊದಲೇ ಗೊತ್ತಿರಬೇಕು.

ಓದಿದ್ದು ಕೈಗೆ ಇಳಿಯಬೇಕು

ಸೈಕಲ್ ಹೊಡೆಯುವುದನ್ನು ಯಾರೂ ಪುಸ್ತಕ ನೋಡಿ ಕಲಿತಿಲ್ಲ. ಅಡಿಕೆ ಸುಲಿಯುವುದೂ ಹಾಗೇ. ವೈದ್ಯಕೀಯದಲ್ಲೂ ಇದು ಹೊಸ ಮಾತಲ್ಲ. ನಮ್ಮ ದೇಶದ ಹಳೆಯ ಶಸ್ತ್ರವೈದ್ಯ ಗ್ರಂಥ ಸುಶ್ರುತ ಸಂಹಿತೆಯಲ್ಲಿ ಅಭ್ಯಾಸಕ್ಕೇ ಮೀಸಲಾದ ಒಂದು ಅಧ್ಯಾಯ ಇದೆ. ಕೊಯ್ಯುವುದನ್ನು ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿಯ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ತುಂಬಿದ ಚರ್ಮದ ಚೀಲದ ಮೇಲೆ ಕಲಿಯಬೇಕು. ಪಟ್ಟಿ ಕಟ್ಟುವುದನ್ನು ಮನುಷ್ಯನ ಆಕಾರದ ಗೊಂಬೆಯ ಮೇಲೆ ಕಲಿಯಬೇಕು. ಎಷ್ಟೇ ಶಾಸ್ತ್ರ ಓದಿದ್ದರೂ ಕೈ ಅಭ್ಯಾಸ ಮಾಡದವನು ಕೆಲಸಕ್ಕೆ ತಕ್ಕವನಲ್ಲ ಎನ್ನುವುದು ಅದರ ಸಾರ. ನರ್ಸಿಂಗ್ ಓದುವ ಆ ಹುಡುಗಿಯ ಗೊಂಬೆ ಎಷ್ಟು ಹಳೆಯದು ನೋಡಿ.

18ನೇ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ದು ಕೂಡ್ರೇ ಎಂಬ ಸೂಲಗಿತ್ತಿ ಇದ್ದಳು. ಹೆರಿಗೆಯಲ್ಲಿ ಸಾಯುವ ತಾಯಿ ಮಕ್ಕಳನ್ನು ಉಳಿಸಬೇಕೆಂದು ರಾಜ 15ನೇ ಲೂಯಿ 1759ರಲ್ಲಿ ಅವಳಿಗೆ ಅಪ್ಪಣೆ ಕೊಟ್ಟ. ಬಟ್ಟೆ, ಚರ್ಮ, ಹತ್ತಿ ಸೇರಿಸಿ ಅವಳು ಹೆರಿಗೆಯ ಗೊಂಬೆ ಮಾಡಿದಳು. ಅದರೊಳಗೆ ಮಗುವಿನ ಗೊಂಬೆ. ಅದನ್ನು ಹೊತ್ತುಕೊಂಡು ಇಪ್ಪತ್ತು ವರ್ಷಕ್ಕೂ ಮೇಲೆ ಹಳ್ಳಿ ಊರು ಸುತ್ತಿ ಸಾವಿರಾರು ಹೆಂಗಸರಿಗೆ ಕಲಿಸಿದಳು. ಅವರಲ್ಲಿ ಬಹಳ ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕೈಗೆ ಕಲಿಯುವ ಶಕ್ತಿ ಇತ್ತು. ಅವಳ ಒಂದು ಗೊಂಬೆ ರುವಾನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ಇದೆ.

ಆಟಿಕೆ ಮಾಡುವವನ ಗೊಂಬೆ

ಈಗಿನ ಗೊಂಬೆಯ ಕಥೆ ನಾರ್ವೆ ದೇಶದ್ದು. ಅಲ್ಲಿನ ಸ್ಟವಾಂಗರ್ ಊರಿನಲ್ಲಿ ಆಸ್ಮುಂಡ್ ಲೇರ್ಡಾಲ್ ಎಂಬಾತ ಮಕ್ಕಳ ಪುಸ್ತಕ, ಮರದ ಆಟಿಕೆ, ಮೆತ್ತನೆಯ ಪ್ಲಾಸ್ಟಿಕ್ ಗೊಂಬೆ ಮಾಡಿ ಮಾರುತ್ತಿದ್ದ. ಅವನ ಪುಟ್ಟ ಮಗ ನೀರಿಗೆ ಬಿದ್ದು ಸಾಯುವ ಹಂತಕ್ಕೆ ಹೋಗಿ ಬದುಕಿದ್ದ. ಅದೇ ಕಾಲಕ್ಕೆ ಪೀಟರ್ ಸಫಾರ್ ಮುಂತಾದ ವೈದ್ಯರು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವ ವಿಧಾನವನ್ನು ಜನಕ್ಕೆ ಕಲಿಸಲು ಹೊರಟಿದ್ದರು. ಜೀವ ಇರುವ ಮನುಷ್ಯನ ಮೇಲೆ ಇದನ್ನು ಅಭ್ಯಾಸ ಮಾಡುವುದು ಹೇಗೆ? ವೈದ್ಯರೂ ಆಟಿಕೆ ಮಾಡುವವನೂ ಕೂತು ಮಾತಾಡಿ 1960ರಲ್ಲಿ ‘ರೆಸಸಿ ಆ್ಯನ್’ ಎಂಬ ಗೊಂಬೆ ಹೊರತಂದರು. ಪ್ರಥಮ ಚಿಕಿತ್ಸೆಯ ಶಿಬಿರಕ್ಕೆ ಹೋದವರು ಎದೆ ಒತ್ತಿ ಕಲಿಯುವುದು ಇಂಥ ಗೊಂಬೆಯ ಮೇಲೆಯೇ.

ಅಲ್ಲಿಂದ ಈ ವಿದ್ಯೆ ಬಹಳ ಬೆಳೆದಿದೆ. ಇದಕ್ಕೆ ಸಿಮ್ಯುಲೇಷನ್ ಅಂತಾರೆ, ಕನ್ನಡದಲ್ಲಿ ಅಣಕು ಅಭ್ಯಾಸ ಅನ್ನಬಹುದು. ದೊಡ್ಡ ಕಾಲೇಜುಗಳಲ್ಲಿರುವ ಗೊಂಬೆಗಳ ಎದೆ ಏರಿಳಿಯುತ್ತದೆ, ನಾಡಿ ಬಡಿಯುತ್ತದೆ, ಕಣ್ಣು ರೆಪ್ಪೆ ಮಿಟುಕಿಸುತ್ತದೆ. ಶಿಕ್ಷಕರು ಗಾಜಿನ ಹಿಂದೆ ಕಂಪ್ಯೂಟರಿನಲ್ಲಿ ಕೂತು ‘ರೋಗಿ’ಯ ರಕ್ತದೊತ್ತಡ ಇಳಿಸುತ್ತಾರೆ. ವಿದ್ಯಾರ್ಥಿಗಳು ನಿಜವಾದ ರೋಗಿ ಅಂತಲೇ ಓಡಾಡಬೇಕು. ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಏನಾಯ್ತು, ಯಾಕೆ ಆಯ್ತು, ಮುಂದಿನ ಸಲ ಹೇಗೆ ಅಂತ ಮಾತಾಡುತ್ತಾರೆ. ಇದಕ್ಕೆ ಡೀಬ್ರೀಫಿಂಗ್ ಅಂತಾರೆ. ಇಲ್ಲಿ ಬೈಯುವುದಿಲ್ಲ, ನಗುವುದಿಲ್ಲ. ಕಲಿಕೆಯ ದೊಡ್ಡ ಪಾಲು ನಡೆಯುವುದು ಈ ಮಾತುಕತೆಯಲ್ಲೇ.

ನಮ್ಮ ದೇಶದಲ್ಲಿ 2019ರಲ್ಲಿ ಬಂದ ಎಂ.ಬಿ.ಬಿ.ಎಸ್. ಹೊಸ ಪಠ್ಯಕ್ರಮ ಕೈಕೆಲಸದ ಕೌಶಲಕ್ಕೆ ಒತ್ತು ಕೊಟ್ಟಿತು. 2021ರ ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲೂ ಅಣಕು ಅಭ್ಯಾಸ ಸೇರಿದೆ. ನಮಗೆ ಘಟ್ಟ ಇಳಿದರೆ ಸಿಗುವ ಮಣಿಪಾಲದಲ್ಲಿ, ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ಇಂಥ ಕೇಂದ್ರಗಳಿವೆ. ಆದ್ದರಿಂದ ಮೊದಲ ತಾಯಿಗೆ ನಮ್ಮ ಉತ್ತರ: ಅಮ್ಮಾ, ನಿಮ್ಮ ಮಗಳು ಆಟ ಆಡುತ್ತಿಲ್ಲ. ಅವಳು ಮಾಡಬಹುದಾದ ತಪ್ಪುಗಳನ್ನೆಲ್ಲ ಗೊಂಬೆಯ ಮೇಲೆ ಮಾಡಿ ಮುಗಿಸುತ್ತಿದ್ದಾಳೆ. ಮೊದಲೆಲ್ಲ ಆ ತಪ್ಪುಗಳು ನಡೆಯುತ್ತಿದ್ದದ್ದು ಧರ್ಮಾಸ್ಪತ್ರೆಗೆ ಬಂದ ಬಡವರ ಮೈಮೇಲೆ.

ನೀರು ತುಂಬಿದ ಮಗು

ಕಂಪ್ಯೂಟರ್ ಗೊಂಬೆ ಕೆರೆಕಟ್ಟೆಗೆ ಬರುವುದಿಲ್ಲ. ಬಂದರೂ ಮಳೆಗಾಲದ ಕರೆಂಟಿನಲ್ಲಿ ನಡೆಯುವುದಿಲ್ಲ. ಬಡ ದೇಶಗಳ ಹಳ್ಳಿ ಆಸ್ಪತ್ರೆಗಳಿಗೆ ಬೇರೆಯೇ ಗೊಂಬೆ ಬೇಕಿತ್ತು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇತರ ಸಂಸ್ಥೆಗಳ ಜೊತೆ ಸೇರಿ 2010ರಲ್ಲಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿ ಆರಂಭಿಸಿತು. ಶಿಶುಗಳಿಗೆ ಉಸಿರಾಡಲು ನೆರವು ಎಂದು ಅರ್ಥ. ಇದಕ್ಕಾಗಿ ಲೇರ್ಡಾಲ್ ಕಂಪನಿ ‘ನಿಯೋನಟಾಲಿ’ ಎಂಬ ಮಗುವಿನ ಗೊಂಬೆ ಮಾಡಿತು. ಖಾಲಿ ಇದ್ದಾಗ ಮಡಚಿ ಚೀಲಕ್ಕೆ ಹಾಕಬಹುದು. ನೀರು ತುಂಬಿದರೆ ಹುಟ್ಟಿದ ಮಗುವಿನಷ್ಟೇ ತೂಕ, ಹಾಗೇ ಕುತ್ತಿಗೆ ಜೋಲುತ್ತದೆ. ಸಣ್ಣ ರಬ್ಬರ್ ಉಂಡೆ ಹಿಂಡಿದರೆ ಅಳುತ್ತದೆ, ಇನ್ನೊಂದು ಹಿಂಡಿದರೆ ಹೊಕ್ಕುಳ ಬಳ್ಳಿಯಲ್ಲಿ ನಾಡಿ ಬಡಿಯುತ್ತದೆ. ಗಾಳಿ ಸರಿಯಾಗಿ ಕೊಟ್ಟರೆ ಮಾತ್ರ ಎದೆ ಏಳುತ್ತದೆ. ಮಾಸ್ಕ್ ಓರೆಯಾಗಿದ್ದರೆ, ತಲೆ ಬಾಗಿದ್ದರೆ ಏಳುವುದಿಲ್ಲ. ಅಂದರೆ ಗೊಂಬೆಯೇ ಮೇಷ್ಟ್ರು.

ಕಲಿಸುವ ಕ್ರಮವೂ ಸರಳ. ಗೋಡೆಗೆ ಹಾಕುವ ಚಿತ್ರಪಟದಲ್ಲಿ ಹಸಿರು, ಹಳದಿ, ಕೆಂಪು. ಅತ್ತರೆ ಹಸಿರು: ಒರೆಸಿ, ತಾಯಿಯ ಎದೆಗೆ ಹಾಕಿ. ಅಳದಿದ್ದರೆ ಹಳದಿ: ಬೆಚ್ಚಗಿಡಿ, ತಲೆ ಸರಿಯಾಗಿಡಿ, ಕಟ್ಟಿಕೊಂಡಿದ್ದರೆ ಬಾಯಿ ಮೂಗು ಸ್ವಚ್ಛ ಮಾಡಿ, ಬೆನ್ನು ತಿಕ್ಕಿ, ಉಸಿರು ಬಾರದಿದ್ದರೆ ನಿಮಿಷದೊಳಗೆ ಬ್ಯಾಗಿನಿಂದ ಗಾಳಿ ಕೊಡಿ. ಅದಕ್ಕೂ ಆಗದಿದ್ದರೆ ಕೆಂಪು: ಗಾಳಿ ಕೊಡುತ್ತಲೇ ಸಹಾಯಕ್ಕೆ ಕರೆದು, ಹೃದಯ ಬಡಿತ ನೋಡಿ ಮುಂದಿನ ಚಿಕಿತ್ಸೆ. ಇಬ್ಬರಿಬ್ಬರು ಒಂದು ಗೊಂಬೆ ಹಿಡಿದು ಕೂರುತ್ತಾರೆ. ಒಬ್ಬರು ಮಗುವಿಗೆ ‘ಜೀವ’ ಕೊಡುವವರು, ಒಬ್ಬರು ಉಳಿಸುವವರು. ಆಮೇಲೆ ಅದಲು ಬದಲು. ಭಾರತ ಸರ್ಕಾರವೂ 2009ರಲ್ಲಿ ‘ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ’ ಎಂಬ ಎರಡು ದಿನದ ತರಬೇತಿಯನ್ನು ಆಸ್ಪತ್ರೆ ಸಿಬ್ಬಂದಿಗಾಗಿ ಶುರು ಮಾಡಿತ್ತು.

ಬೆಳಗಾವಿಯಲ್ಲಿ ಕಂಡದ್ದು

ಇದೆಲ್ಲ ನಿಜವಾಗಿ ಮಗು ಉಳಿಸುತ್ತದಾ? ಈ ಪ್ರಶ್ನೆಯನ್ನು ಪರೀಕ್ಷೆ ಮಾಡಿ ನೋಡಿದ ಜಾಗಗಳಲ್ಲಿ ನಮ್ಮ ಕರ್ನಾಟಕವೂ ಒಂದು ಎನ್ನುವುದು ನಮಗೆ ಹೆಮ್ಮೆ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾ. ಶಿವಪ್ರಸಾದ್ ಗೌಡರ್ ಮತ್ತು ಸಂಗಡಿಗರು ಅಮೆರಿಕದ ತಜ್ಞರೊಡನೆ ಸೇರಿ ಈ ಕೆಲಸ ಮಾಡಿದರು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಜಿಲ್ಲಾ ಮತ್ತು ನಗರದ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ಗೊಂಬೆಯ ಮೇಲೆ ತರಬೇತಿ ಕೊಟ್ಟರು. ತರಬೇತಿಗೆ ಮೊದಲು 4,187 ಹೆರಿಗೆ, ನಂತರ 5,411 ಹೆರಿಗೆಗಳ ಲೆಕ್ಕ ಇಟ್ಟರು. ವರದಿ 2013ರಲ್ಲಿ ಪ್ರಕಟವಾಯಿತು.

ಸತ್ತು ಹುಟ್ಟಿದವು ಎಂದು ಬರೆದ ಮಕ್ಕಳು ಮೊದಲು ನೂರಕ್ಕೆ 3 ಇದ್ದವು, ತರಬೇತಿಯ ನಂತರ 2.3ಕ್ಕೆ ಇಳಿದವು. ಅದರಲ್ಲೂ ‘ಈಗಷ್ಟೇ ಸತ್ತದ್ದು’ ಎನ್ನುವ ಗುಂಪು, ಅಂದರೆ ಮೈ ಕೆಡದೆ ಹುಟ್ಟಿದ ಮಕ್ಕಳು, ನೂರಕ್ಕೆ 1.7ರಿಂದ 0.9ಕ್ಕೆ ಬಂದವು. ಹೆಚ್ಚುಕಡಿಮೆ ಅರ್ಧ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗೊಂಬೆ ತರಬೇತಿ ಹೊಟ್ಟೆಯೊಳಗೇ ಸತ್ತ ಮಗುವನ್ನು ಬದುಕಿಸಲಾರದು. ಹಾಗಾದರೆ ಈ ಸಂಖ್ಯೆ ಇಳಿದದ್ದು ಹೇಗೆ? ‘ಸತ್ತು ಹುಟ್ಟಿತು’ ಎಂದು ಬರೆಯುತ್ತಿದ್ದ ಮಕ್ಕಳಲ್ಲಿ ಕೆಲವು ಸತ್ತಿರಲಿಲ್ಲ. ಉಸಿರಾಡುತ್ತಿರಲಿಲ್ಲ, ಅಷ್ಟೇ. ಹೃದಯ ಮೆಲ್ಲಗೆ ಬಡಿಯುತ್ತಿತ್ತು. ನೋಡಲು ಕಲಿತವರು ಅದನ್ನು ನೋಡಿದರು, ಗಾಳಿ ಕೊಟ್ಟರು. ಹೀಗೆ ಉಳಿದ ಮಕ್ಕಳು ನಾಲ್ಕು ದಿನ ಕಳೆದು ತೀರಿಕೊಂಡವೇ ಅಂತಲೂ ನೋಡಿದರು. ಮೊದಲ ತಿಂಗಳ ಶಿಶುಮರಣ ನೂರಕ್ಕೆ 1.8 ಇದ್ದದ್ದು 1.9, ಅಂದರೆ ಹೆಚ್ಚುಕಡಿಮೆ ಹಾಗೇ ಇತ್ತು. ಉಳಿದವು ಉಳಿದೇ ಉಳಿದವು ಅಂತ ಇದರಿಂದ ತಿಳಿಯಬಹುದು.

“ಮೈ ಬಿಸಿ ಇತ್ತು ಸಿಸ್ಟರ್” ಎಂದ ಅಮ್ಮನ ಮಾತು ಇದನ್ನು ಓದುವಾಗ ನಮ್ಮ ಕಿವಿಯಲ್ಲಿತ್ತು. ಅವರ ಮಗುವಿಗೆ ಏನಾಗಿತ್ತು ಎಂದು ಈಗ ಯಾರೂ ಹೇಳಲಾರರು. ಆ ಜೀಪಿನಲ್ಲಿದ್ದ ಹೆಂಗಸರ ತಪ್ಪು ಏನೂ ಇಲ್ಲ. ತಮಗೆ ಹಿರಿಯರು ತೋರಿಸಿಕೊಟ್ಟದ್ದನ್ನು ಅವರು ಮಾಡಿದರು. ಬೇರೆಯದನ್ನು ಯಾರೂ ಅವರ ಕೈಗೆ ಕಲಿಸಿರಲಿಲ್ಲ.

ಒಂದು ಸಲ ಕಲಿತರೆ ಸಾಲದು

ಸರ್ಟಿಫಿಕೇಟು, ಗ್ರೂಪ್ ಫೋಟೋ, ಊಟ. ಅಲ್ಲಿಗೆ ತರಬೇತಿ ಮುಗಿಯಿತು ಅಂದುಕೊಳ್ಳುವುದು ನಮ್ಮ ಸಮಾಜಸೇವೆಯವರ ಹಳೇ ಕಾಯಿಲೆ. ನಾವೂ ಇದರಲ್ಲಿ ಸಿಕ್ಕಿಬಿದ್ದವರೇ. ತಾಂಜಾನಿಯಾ ದೇಶದ ಹೈಡಮ್ ಎಂಬಲ್ಲಿನ ಗ್ರಾಮೀಣ ಆಸ್ಪತ್ರೆ ಇದಕ್ಕೆ ಒಳ್ಳೆಯ ಪಾಠ ಹೇಳುತ್ತದೆ. ಅಲ್ಲಿ ಒಂದು ದಿನದ ತರಬೇತಿ ಕೊಟ್ಟು ನೋಡಿದರು. ಗೊಂಬೆಯ ಮೇಲೆ ಎಲ್ಲರೂ ಚೆನ್ನಾಗಿ ಮಾಡಿದರು. ಆದರೆ ಹೆರಿಗೆ ಕೋಣೆಯಲ್ಲಿ ಮೊದಲಿನ ಪದ್ಧತಿಯೇ ಮುಂದುವರಿಯಿತು. ಆಮೇಲೆ ಕ್ರಮ ಬದಲಾಯಿಸಿದರು. ಗೊಂಬೆಯನ್ನು ಹೆರಿಗೆ ಕೋಣೆಯ ಪಕ್ಕದಲ್ಲೇ ಇಟ್ಟು, ವಾರಕ್ಕೊಮ್ಮೆ ಕೆಲವೇ ನಿಮಿಷ ಅಭ್ಯಾಸ ಮಾಡಿಸಿದರು. ಹುಟ್ಟಿದ 24 ಗಂಟೆಯೊಳಗೆ ಸಾಯುವ ಮಕ್ಕಳ ಸಂಖ್ಯೆ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. 2015ರಲ್ಲಿ ಪ್ರಕಟವಾದ ಲೆಕ್ಕ ಇದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಬೆಳಗಾವಿ, ನಾಗಪುರ ಮತ್ತು ಕೀನ್ಯಾದ ಆಸ್ಪತ್ರೆಗಳಲ್ಲಿ ಇದೇ ತರಬೇತಿಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ 2016ರಲ್ಲಿ ಫಲಿತಾಂಶ ಹೇಳಿದಾಗ, ಮೂರೂ ಕಡೆ ಒಟ್ಟು ಸೇರಿಸಿ ನೋಡಿದರೆ ಶಿಶುಗಳ ಸಾವು ಕಡಿಮೆ ಆಗಿರಲಿಲ್ಲ. ಮೂರು ವರ್ಷದ ಹಿಂದೆ ಶಹಬ್ಬಾಸ್ ಅನ್ನಿಸಿಕೊಂಡವರೇ ಈ ಸುದ್ದಿಯನ್ನೂ ಬಿಚ್ಚಿ ಹೇಳಿದರು. ಅದು ಪ್ರಾಮಾಣಿಕತೆ. ತಿಂಗಳು ತುಂಬದೆ ಹುಟ್ಟಿದ ಮಗು, ರಕ್ತ ಕಡಿಮೆ ಇರುವ ತಾಯಿ, ಸಮಯಕ್ಕೆ ಬಾರದ ವಾಹನ, ಬೇಕಾದಾಗ ಸಿಗದ ಮಾಸ್ಕ್, ಇದ್ಯಾವುದನ್ನೂ ಗೊಂಬೆ ಸರಿ ಮಾಡಲಾರದು. ತರಬೇತಿ ಒಂದು ಕಂಬ ಮಾತ್ರ, ಪೂರ್ತಿ ಮನೆ ಅಲ್ಲ.

ಬೆಳಗಾವಿಯಿಂದ ಹೊರಟ ಹಾಳೆ

ಹೊರದೇಶದವರು ಕೊಡುವುದು, ನಾವು ತೆಗೆದುಕೊಳ್ಳುವುದು, ಸಹಭಾಗಿತ್ವ ಅಂದರೆ ಇಷ್ಟೇ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಬೆಳಗಾವಿಯದೇ ಇನ್ನೊಂದು ಉದಾಹರಣೆ ನೋಡಿ.

ಹೆರಿಗೆ ನಂತರದ ಅತಿಯಾದ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅಪಾಯದ ಗಂಟೆ ಬಾರಿಸಿತು ಅಂತ ಲೆಕ್ಕ. ಆದರೆ ಬಟ್ಟೆಯಲ್ಲಿ ಹೀರಿದ, ನೆಲದಲ್ಲಿ ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಬೆಳಗಾವಿಯ ವೈದ್ಯರು ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಕಾನ್ಸಸ್ ಸಿಟಿ ವಿಭಾಗದವರೊಡನೆ ಸೇರಿ ಹಳ್ಳಿಯ ಹೆರಿಗೆಗಳಲ್ಲಿ ಒಂದು ಅಧ್ಯಯನ ಮಾಡಿದರು. ಅದಕ್ಕಾಗಿ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ತಯಾರಾಯಿತು. ಅದರ ತುದಿಯಲ್ಲಿ ಅಳತೆಯ ಗೆರೆ ಇರುವ ಚೀಲ. ರಕ್ತ ಎಷ್ಟು ಹೋಯಿತೆಂದು ಗೆರೆ ನೋಡಿ ಹೇಳಬಹುದು. 1,620 ಹೆರಿಗೆಗಳ ಆ ಅಧ್ಯಯನದಲ್ಲಿ ಎ.ಎನ್.ಎಂ. ಸಿಸ್ಟರುಗಳು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತೆಂದು 2006ರಲ್ಲಿ ಪ್ರಕಟವಾಯಿತು. ಈ ಕೆಲಸಕ್ಕಾಗಿ ಆ ಮಾತ್ರೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಅಧ್ಯಯನದಲ್ಲಿ ಇಂಥದೇ ಅಳತೆಯ ಹಾಳೆ ಬಳಸಿದರು. ಅದರ ಜೊತೆಗೆ ಸಿಬ್ಬಂದಿಗೆ ತರಬೇತಿ ಮತ್ತು ಕೂಡಲೇ ಮಾಡಬೇಕಾದ ಚಿಕಿತ್ಸೆಗಳ ಕಟ್ಟು ಇತ್ತು. ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ನೂರಕ್ಕೆ 60ರಷ್ಟು ಕಡಿಮೆಯಾದವು.

ನಮ್ಮ ಹಳ್ಳಿಯ ಎ.ಎನ್.ಎಂ. ಕೈಯಲ್ಲಿ ಪರೀಕ್ಷೆಯಾದ ವಿದ್ಯೆ ಹೊರದೇಶಕ್ಕೂ ದಾರಿ ತೋರಿಸಿತು. ಇದು ಕೊಡುಕೊಳ್ಳುವ ಸಂಬಂಧ.

ನೆರವು ಬಂದಾಗ ಕೇಳಬೇಕಾದ ಪ್ರಶ್ನೆಗಳು

ಸಮಾಜಕಾರ್ಯ ಓದಿ ಈ ಕೆಲಸಕ್ಕೆ ಬಂದ ಮೇಲೆ ಹೊರಗಿನಿಂದ ಬಂದ ಎಷ್ಟೋ ಯೋಜನೆ ನೋಡಿದ್ದೇವೆ. ಕೆಲವು ಬೇರು ಬಿಟ್ಟವು, ಕೆಲವು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತವು. ಒಂದು ಕಡೆ ತರಬೇತಿ ಗೊಂಬೆ ಪೆಟ್ಟಿಗೆಯಲ್ಲೇ ಇದ್ದು, ಹಾಳಾದೀತು ಅಂತ ಯಾರೂ ಮುಟ್ಟದೆ ಇದ್ದದ್ದನ್ನು ಕಣ್ಣಾರೆ ಕಂಡಿದ್ದೇವೆ. ಮುಟ್ಟದ ಗೊಂಬೆಯಿಂದ ಯಾರಿಗೆ ಲಾಭ? ಆದ್ದರಿಂದ ಯಾವುದೇ ಸಂಸ್ಥೆ ಇಂಥ ನೆರವು ತಂದರೆ ಸಂತೋಷದಿಂದ ಸ್ವಾಗತಿಸೋಣ, ಆದರೆ ಈ ಪ್ರಶ್ನೆಗಳನ್ನೂ ಕೇಳೋಣ.

1. ಕಲಿಸುವವರು ಯಾರು? ಅತಿಥಿಗಳು ಹೋದ ಮೇಲೆ ಕಲಿಸಲು ನಮ್ಮವರೇ ತಯಾರಾಗುತ್ತಾರಾ?

2. ಪಾಠ, ಚಿತ್ರಪಟ ಕನ್ನಡದಲ್ಲಿ ಇದೆಯಾ? ಇಂಗ್ಲಿಷಿನಲ್ಲಿ ತಲೆಯಾಡಿಸಿದವರ ಕೈ ಅವಸರದಲ್ಲಿ ತಡೆಯುತ್ತದೆ.

3. ಗೊಂಬೆ ಎಲ್ಲಿರುತ್ತದೆ? ಕೆಲಸ ಮಾಡುವ ಕೋಣೆಯ ಪಕ್ಕದಲ್ಲಾ, ಆಫೀಸಿನ ಬೀಗದ ಒಳಗಾ?

4. ಕವಾಟ, ಮಾಸ್ಕ್ ಹಾಳಾದರೆ ಹೊಸದು ತರುವವರು ಯಾರು, ಹಣ ಎಲ್ಲಿಂದ?

5. ಆರು ತಿಂಗಳ ನಂತರ ಮತ್ತೆ ಪರೀಕ್ಷೆ ಉಂಟಾ? ಎಷ್ಟು ಮಂದಿಗೆ ತರಬೇತಿ ಆಯ್ತು ಎನ್ನುವ ಲೆಕ್ಕವಲ್ಲ, ಎಷ್ಟು ಮಕ್ಕಳು ಉಳಿದವು ಎನ್ನುವ ಲೆಕ್ಕ ಬೇಕು.

ಕೆರೆಕಟ್ಟೆಯಲ್ಲಿ ನಾವೇ ಮಾಡಬಹುದಾದ ಅಭ್ಯಾಸ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಒಂದು ಲಕ್ಷ ಹೆರಿಗೆಗೆ 2001-03ರಲ್ಲಿ 228 ಇದ್ದ ತಾಯಂದಿರ ಸಾವು 2018-20ರಲ್ಲಿ 69ಕ್ಕೆ ಇಳಿದಿತ್ತು. 2008ರಿಂದ 108 ಆಂಬುಲೆನ್ಸ್ ಇದೆ. ಇದು ಸಣ್ಣ ಸಾಧನೆ ಅಲ್ಲ. ಆದರೆ ಕಾಡಿನ ನಡುವಿನ ನಮ್ಮ ಊರುಗಳಿಗೆ ಶೃಂಗೇರಿಯೂ ದೂರ, ಕಾರ್ಕಳವೂ ದೂರ. ಮಳೆಗಾಲದಲ್ಲಿ ಆ ದೂರ ಇನ್ನೂ ಹೆಚ್ಚು. ಆದ್ದರಿಂದ ಗೊಂಬೆ ಇಲ್ಲದೆಯೂ ಸಂಘಗಳು ಮಾಡಬಹುದಾದ ಮೂರು ಅಭ್ಯಾಸ ಇಲ್ಲಿವೆ.

ಮೊದಲನೆಯದು, ದಾರಿಯ ಅಭ್ಯಾಸ. ನಿಮ್ಮ ಕೇರಿಯಲ್ಲಿ ತುಂಬು ಬಸುರಿ ಇದ್ದರೆ, ರಾತ್ರಿ ಎರಡು ಗಂಟೆಗೆ ನೋವು ಬಂತು ಅಂತ ಒಂದು ದಿನ ನಟಿಸಿ ನೋಡಿ. 108ಕ್ಕೆ ಯಾರು, ಎಲ್ಲಿ ನಿಂತು ಫೋನ್ ಮಾಡುವುದು? ಜೀಪು ಯಾರದ್ದು, ಡ್ರೈವರ್ ಊರಲ್ಲಿ ಇದ್ದಾರಾ? ಮರ ಬಿದ್ದರೆ ಗರಗಸ ಎಲ್ಲಿದೆ? ತಾಯಿ ಕಾರ್ಡ್, ಒಗೆದು ಒಣಗಿಸಿದ ಹತ್ತಿ ಬಟ್ಟೆ, ಟಾರ್ಚ್ ಒಂದೇ ಚೀಲದಲ್ಲಿ ಇದೆಯಾ? ಗಡಿಯಾರ ನೋಡಿ ಸಮಯ ಬರೆಯಿರಿ. ಮುಂದಿನ ತಿಂಗಳು ಮತ್ತೆ ಮಾಡಿ. ಆಷಾಢ ಶ್ರಾವಣದಲ್ಲಿ ದಿನ ತುಂಬುವವರು ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಒಂದು ವಾರ ಮೊದಲೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಎರಡನೆಯದು, ಕಣ್ಣಿನ ಅಭ್ಯಾಸ. ಅರ್ಧ ಲೀಟರ್ ನೀರಿಗೆ ಕೆಂಪು ಬಣ್ಣ ಕಲಸಿ, ಯಾರಿಗೂ ಅಳತೆ ಹೇಳದೆ ಹಳೇ ಸೀರೆ ಬಟ್ಟೆಯ ಮೇಲೆ ಸುರಿಯಿರಿ. ಎಷ್ಟಿರಬಹುದು ಅಂತ ಎಲ್ಲರೂ ಚೀಟಿಯಲ್ಲಿ ಬರೆಯಲಿ. ಚೀಟಿ ಬಿಚ್ಚಿದಾಗ ನಿಮಗೇ ಆಶ್ಚರ್ಯ ಆಗುತ್ತದೆ. ಅಪಾಯ ಎಷ್ಟು ಕಡಿಮೆ ಕಾಣುತ್ತದೆ ಎಂದು ಒಮ್ಮೆ ಕಂಡ ಕಣ್ಣು ಮರೆಯುವುದಿಲ್ಲ. ಬಾಣಂತಿಗೆ ರಕ್ತ ಹೋಗುವುದು ನಿಲ್ಲದಿದ್ದರೆ ‘ಸ್ವಲ್ಪ ನೋಡೋಣ’ ಅನ್ನದೆ ಕೂಡಲೇ ಹೊರಡಬೇಕು.

ಮೂರನೆಯದು, ಕೈಯ ಅಭ್ಯಾಸ. ದಾರಿಯಲ್ಲೇ ಹೆರಿಗೆ ಆಗಿಬಿಟ್ಟರೆ ಮನೆಯವರು ಮಾಡಬಹುದಾದದ್ದು ಇಷ್ಟು. ಒಣ ಬಟ್ಟೆಯಿಂದ ಮಗುವನ್ನು ತಲೆಯಿಂದ ಕಾಲಿನವರೆಗೆ ಒರೆಸಿ. ಒದ್ದೆ ಬಟ್ಟೆ ತೆಗೆದು ಹಾಕಿ, ಬೇರೆ ಒಣ ಬಟ್ಟೆ ಹೊದಿಸಿ. ಅಳದಿದ್ದರೆ ಬೆನ್ನನ್ನು ಮೇಲೆ ಕೆಳಗೆ ತಿಕ್ಕಿ. ಕುತ್ತಿಗೆ ಮಡಚದಂತೆ ತಲೆ ನೇರವಾಗಿಡಿ. ಅತ್ತರೆ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಹಾಕಿ ಇಬ್ಬರಿಗೂ ಹೊದಿಸಿ. ತಲೆಕೆಳಗು ಹಿಡಿಯಬೇಡಿ, ಹೊಡೆಯಬೇಡಿ, ತಣ್ಣೀರು ಎರಚಬೇಡಿ. ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಬೇಡಿ. ಬ್ಯಾಗ್ ಮಾಸ್ಕ್ ತರಬೇತಿ ಆದವರ ಕೆಲಸ, ಅದನ್ನು ನಾವು ನೋಡಿ ಮಾಡುವುದು ಬೇಡ. ಬಟ್ಟೆಯ ಗಂಟು ಕಟ್ಟಿ ಮಗು ಅಂದುಕೊಂಡು ಇದನ್ನು ಅಭ್ಯಾಸ ಮಾಡಿ. ಆರೋಗ್ಯ ಕೇಂದ್ರದ ಸಿಸ್ಟರ್ ಅಥವಾ ಆಶಾ ಅಕ್ಕನನ್ನು ಸಭೆಗೆ ಕರೆಸಿ, ಅವರ ಎದುರಿನಲ್ಲೇ ಮಾಡಿ.

ಕೊನೆಯ ಮಾತು

ಮಗಳ ಓದಿಗೆ ಕೇಳಿದ ಸಾಲವನ್ನು ಅವತ್ತೇ ಸಂಘ ಮಂಜೂರು ಮಾಡಿತು. ಮೊದಲು ಕೈ ಎತ್ತಿದವರು ಮೂಲೆಯಲ್ಲಿ ಕೂತಿದ್ದ ಅಮ್ಮ.

“ಕಲೀಲಿ ಸಿಸ್ಟರ್, ಗೊಂಬೆ ಮೇಲೇ ಕಲೀಲಿ. ಆದ್ರೆ ಕಲ್ತು ಈ ಕಡೆಗೊಮ್ಮೆ ಬರ್ಲಿ” ಎಂದರು.

ಆ ಮಾತು ಘಟ್ಟದ ಕೆಳಗೆ ಓದುತ್ತಿರುವ ನಮ್ಮ ಎಲ್ಲ ಮಕ್ಕಳಿಗೂ ಸೇರಿದ್ದು.

ಸಂಘದ ಸಭೆಯಲ್ಲಿ ಚರ್ಚಿಸಿ:

1. ನಿಮ್ಮ ಊರಿನಿಂದ ಹೆರಿಗೆ ಆಸ್ಪತ್ರೆಗೆ ಮಳೆಗಾಲದ ರಾತ್ರಿ ಎಷ್ಟು ಹೊತ್ತು ಬೇಕು? ಊಹೆ ಬೇಡ, ಲೆಕ್ಕ ಹಾಕಿ.

2. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಮಗುವಿನ ಅಳತೆಯ ಬ್ಯಾಗ್ ಮಾಸ್ಕ್ ಇದೆಯಾ? ಸಿಬ್ಬಂದಿಗೆ ಕೊನೆಯ ಅಭ್ಯಾಸ ಯಾವಾಗ ಆಯ್ತು? ಗೌರವದಿಂದ ಕೇಳಿ ತಿಳಿಯಿರಿ.

3. ಮೇಲಿನ ಮೂರು ಅಭ್ಯಾಸಗಳಲ್ಲಿ ಈ ತಿಂಗಳು ಯಾವುದನ್ನು ಮಾಡುತ್ತೀರಿ? ಜವಾಬ್ದಾರಿ ಯಾರದ್ದು? ನಡಾವಳಿ ಪುಸ್ತಕದಲ್ಲಿ ಬರೆಯಿರಿ.